ಎಣ್ಣೆ ಅಗ್ಗವಾದ ಮೇಲೂ ತಿರುಗಿದ ಗಾಳಿಯಂತ್ರಗಳು

ಹೋದ ತಿಂಗಳು ನಮ್ಮ ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಸಂಜೆ ಮಾತಾಡಿದ್ದೆ. ಬರಲಾಗದ ಕೆಲವರು ಬರೆದುಕೊಡಿ ಅಂತ ಕೇಳಿದರು. ಮಾತು ಹೇಗೆ ಬಂತೋ ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

1974ರಲ್ಲಿ ನಾನು ಐದನೇ ಕ್ಲಾಸು. ನಮ್ಮೂರಿಗೆ ಆಗ ಕರೆಂಟು ಬಂದಿರಲಿಲ್ಲ. ಸೀಮೆಎಣ್ಣೆ ಬರುವ ದಿನ ಬೆಳಕು ಹರಿಯುವ ಮುಂಚೆಯೇ ಅಮ್ಮ ಡಬ್ಬ ಕೊಟ್ಟು, ಸೊಸೈಟಿ ಮುಂದೆ ಇಟ್ಟು ಬಾ ಅಂತ ಕಳಿಸುತ್ತಿದ್ದಳು. ಸಾಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಸುಣ್ಣದ ಚುಕ್ಕೆ, ಗಾಳಿಗೆ ಉರುಳಬಾರದು ಅಂತ ಒಳಗೊಂದು ಕಲ್ಲು. ಆ ವರ್ಷ ಸಾಲಿನ ಅರ್ಧದಲ್ಲೇ ಪೀಪಾಯಿ ಖಾಲಿ ಆಗುತ್ತಿತ್ತು. ಮನೆಗೆ ಬಂದರೆ ಬುಡ್ಡಿ ದೀಪ ಬೇಗ ಆರಿಸಿಬಿಡುತ್ತಿದ್ದರು. ಮನೆಲೆಕ್ಕ ಮಾಡದೆ ಹೋದರೆ ಮೇಷ್ಟ್ರು ಬೈಯುತ್ತಿರಲಿಲ್ಲ. ಅವರ ಮನೆಯಲ್ಲೂ ಅದೇ ಕತ್ತಲೆ. ಒಂದು ದಿನ ಅವರು ಬೋರ್ಡಿನ ಪಕ್ಕ ನೇತುಹಾಕಿದ್ದ ಭೂಪಟದಲ್ಲಿ ಕೆಂಪು ಸಮುದ್ರದ ಹತ್ತಿರ ಬೆರಳಿಟ್ಟು, ಇಲ್ಲಿ ಜಗಳ ಆಗಿದೆ, ಅದಕ್ಕೇ ನಮ್ಮೂರಲ್ಲಿ ಎಣ್ಣೆ ಇಲ್ಲ ಅಂದರು. ನನಗೆ ನಂಬಿಕೆಯೇ ಬರಲಿಲ್ಲ. ಅಷ್ಟು ದೂರದ ಜಗಳಕ್ಕೂ ನಮ್ಮ ಅಮ್ಮನ ಡಬ್ಬಕ್ಕೂ ಏನು ಸಂಬಂಧ?

ಆಮೇಲೆ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದೆ. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ಮಾತಾಡುವುದೂ ಅದರ ಬಗ್ಗೆಯೇ. ಬೇರೆ ಬೇರೆ ದೇಶಗಳು ಪರ್ಯಾಯ ಇಂಧನದ ಕಡೆಗೆ ಯಾಕೆ ಹೋದವು? ಪರಿಸರ ಉಳಿಸೋಕೆ ಅಂತ ಪಟ್ಟನೆ ಹೇಳಿಬಿಡುತ್ತೇವೆ, ಅಲ್ವಾ. ಆದರೆ ಶುರು ಮಾಡಿದವರ ಕಥೆ ನೋಡಿದರೆ, ಎಲ್ಲರಿಗೂ ಮೊದಲು ಕಾಡಿದ್ದು ತಮ್ಮ ಮನೆಯದೇ ಯಾವುದೋ ತಾಪತ್ರಯ. ಅದು ಒಂದು ಮಾತು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ತಾಪತ್ರಯ ತೀರಿದ ಮೇಲೆ, ಎಣ್ಣೆ ಮತ್ತೆ ಅಗ್ಗ ಆದ ಮೇಲೆ, ಯಾರು ಕೈಬಿಟ್ಟರು, ಯಾರು ಬಿಡಲಿಲ್ಲ, ಯಾಕೆ?

1973ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಯುದ್ಧ ಆಯಿತು. ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಆಯಿತು. ಆ ಹೊಡೆತ ಎಲ್ಲರಿಗೂ ಒಂದೇ ಸಲ ಬಿತ್ತು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಫ್ರಾನ್ಸ್ ಮರುವರ್ಷವೇ ಅಣುಸ್ಥಾವರ ಕಟ್ಟುವ ದೊಡ್ಡ ಯೋಜನೆಗೆ ಕೈಹಾಕಿತು. ನಮ್ಮಲ್ಲಿ ಎಣ್ಣೆ ಇಲ್ಲ, ಉಪಾಯ ಇದೆ ಅಂತ ಅಲ್ಲಿ ಒಂದು ಮಾತೇ ಹುಟ್ಟಿಕೊಂಡಿತು. ಜಪಾನ್ ಸೂರ್ಯನ ಬೆಳಕಿನ ಸಂಶೋಧನೆಗೆ ದುಡ್ಡು ಹಾಕಿತು. ನಾನು ಸ್ವಲ್ಪ ನಿಂತು ನೋಡಬೇಕು ಅಂದುಕೊಂಡಿರುವುದು ಡೆನ್ಮಾರ್ಕನ್ನು.

ಡೆನ್ಮಾರ್ಕ್ ಸಣ್ಣ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಕಾಲು ಭಾಗವೂ ಇಲ್ಲ. 1973ರಲ್ಲಿ ಅವರು ಉರಿಸುತ್ತಿದ್ದ ಇಂಧನದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರಗಿನಿಂದ ತಂದ ಎಣ್ಣೆ. ಕರೆಂಟು, ಮನೆ ಬಿಸಿ, ಬಸ್ಸು, ಕಾರು, ಎಲ್ಲಾ ಅದರಲ್ಲೇ. ಅಲ್ಲಿನ ಚಳಿಗಾಲದಲ್ಲಿ ಮನೆ ಬಿಸಿ ಮಾಡದೆ ಬದುಕೋಕೆ ಆಗಲ್ಲ. ಆ ನವೆಂಬರ್ 25ರಿಂದ ಭಾನುವಾರ ಕಾರು ಓಡಿಸುವ ಹಾಗಿಲ್ಲ ಅಂತ ಸರ್ಕಾರ ಆಜ್ಞೆ ಮಾಡಿತು. ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು, ಕುದುರೆ ಗಾಡಿ ಓಡಿಸಿದರು, ಮಕ್ಕಳು ನಡುರಸ್ತೆಯಲ್ಲಿ ಆಡಿದರು. ನಮ್ಮಮ್ಮ ಸೊಸೈಟಿ ಮುಂದೆ ಡಬ್ಬ ಇಡಿಸುತ್ತಿದ್ದ ಅದೇ ಚಳಿಗಾಲ ಅದು.

ಆಗ ಅವರ ಮುಂದೆ ಸುಲಭವಾಗಿ ಕಂಡ ದಾರಿ ಅಣುವಿದ್ಯುತ್. ಕರೆಂಟ್ ಕಂಪನಿಗಳೂ ಸರ್ಕಾರವೂ ಅದಕ್ಕೆ ತಯಾರಾಗಿದ್ದವು. ಜನ ಬೇಡ ಅಂದರು. ಹಳದಿ ಬಣ್ಣದ ಮೇಲೆ ನಗುವ ಕೆಂಪು ಸೂರ್ಯನ ಒಂದು ಬ್ಯಾಡ್ಜ್ ಇದೆ, 'ಅಣುಶಕ್ತಿ? ಬೇಡ, ಥ್ಯಾಂಕ್ಸ್' ಅಂತ ಬರೆದಿರುತ್ತದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು 1975ರಲ್ಲಿ ಹುಟ್ಟಿದ್ದು ಅಲ್ಲೇ. ಹತ್ತು ವರ್ಷ ಹೋರಾಟ ನಡೆದು, 1985ರಲ್ಲಿ ಅವರ ಸಂಸತ್ತು ಅಣುಸ್ಥಾವರವನ್ನು ಯೋಜನೆಯಿಂದಲೇ ತೆಗೆದುಹಾಕಿತು. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ದುರಂತ ಆಗಿದ್ದು ಅದಾದ ಮರುವರ್ಷ.

ಬೇಡ ಅಂದವರು ಸುಮ್ನೆ ಕೂರಲಿಲ್ಲ. ಇದು ನನಗೆ ತುಂಬಾ ಇಷ್ಟವಾದ ಭಾಗ. ದೇಶದ ಪಶ್ಚಿಮದಲ್ಲಿ ಟ್ವಿಂಡ್ ಅಂತ ಒಂದು ಶಾಲೆ. ಅಲ್ಲಿನ ಮೇಷ್ಟ್ರುಗಳು ತಮ್ಮ ಸಂಬಳ ಒಟ್ಟು ಹಾಕಿ, ಹುಡುಗರನ್ನೂ ಊರೂರಿಂದ ಬಂದವರನ್ನೂ ಸೇರಿಸಿಕೊಂಡು ಕರೆಂಟು ತೆಗೆಯುವ ಒಂದು ಗಾಳಿಯಂತ್ರ ಕಟ್ಟೋಕೆ ಹೊರಟರು. ಚಿಕ್ಕದಲ್ಲ. ಕಾಂಕ್ರೀಟ್ ಕಂಬವೇ 53 ಮೀಟರ್, ಒಂದೊಂದು ರೆಕ್ಕೆ 27 ಮೀಟರ್. ಮೂರು ವರ್ಷ ಹಿಡಿಯಿತು. ಫೈಬರ್ ಗ್ಲಾಸಿನ ರೆಕ್ಕೆಗಳನ್ನು ಕೈಯಲ್ಲೇ ಪದರ ಪದರ ಹಚ್ಚಿ ಮಾಡಿದರು. 1978ರಲ್ಲಿ ಅದು ತಿರುಗಿತು. ಆಗ ಜಗತ್ತಿನ ಅತಿ ದೊಡ್ಡ ಗಾಳಿಯಂತ್ರಗಳಲ್ಲಿ ಅದೂ ಒಂದು, ಕಟ್ಟಿದವರು ಶಾಲೆಯ ಜನ! ಈಗಲೂ ಅದು ಅಲ್ಲೇ ನಿಂತಿದೆ. ಮೂವತ್ತು ವರ್ಷ ಚಾಕ್‌ಪೀಸ್ ಹಿಡಿದವನಿಗೆ ಇದನ್ನು ಓದಿದಾಗ ಏನನ್ನಿಸಿರಬಹುದು ಯೋಚನೆ ಮಾಡಿ.

ಅದೇ ಹೊತ್ತಿಗೆ ಬಡಗಿಗಳು, ವೆಲ್ಡಿಂಗ್ ಮಾಡುವವರು ತಮ್ಮ ಶೆಡ್ಡಿನಲ್ಲಿ ಸಣ್ಣ ಸಣ್ಣ ಯಂತ್ರ ಮಾಡುತ್ತಿದ್ದರು. ಆಮೇಲೆ ಕೈಹಾಕಿದ ಕಂಪನಿಗಳೂ ಅಂಥವೇ. ವೆಸ್ಟಾಸ್ ಹೊಲದ ಟ್ರೇಲರ್ ಮಾಡುತ್ತಿತ್ತು. ಬೋನಸ್ ಅನ್ನುವ ಕಂಪನಿಯ ಮೂಲ ಹೊಲಕ್ಕೆ ನೀರು ಹಾಯಿಸುವ ಸಾಮಾನಿನ ವ್ಯಾಪಾರ. ನೇಗಿಲು, ಟ್ರೇಲರ್ ಮುರಿದರೆ ರೈತ ಬಂದು ಬೈಯುತ್ತಾನೆ, ಹಾಗಾಗಿ ಗಟ್ಟಿಯಾಗಿ ಮಾಡುವುದು ಅವರಿಗೆ ರೂಢಿ. ಗಾಳಿಯಂತ್ರವನ್ನೂ ಹಾಗೇ ಗಟ್ಟಿಯಾಗಿ, ಭಾರವಾಗಿ, ಸರಳವಾಗಿ ಮಾಡಿದರು. ವಿಮಾನ ಮಾಡುವ ದೊಡ್ಡ ಕಂಪನಿಗಳು ಬೇರೆ ಕಡೆ ಹಗುರವಾಗಿ, ನಾಜೂಕಾಗಿ ಮಾಡಲು ಹೋಗಿದ್ದವು ಬಾಳಲಿಲ್ಲ.

ಇನ್ನೊಂದು ಕೆಲಸ ಸರ್ಕಾರ ಮಾಡಿತು. 1979ರಿಂದ ಗಾಳಿಯಂತ್ರ ಹಾಕುವವರಿಗೆ ಖರ್ಚಿನ 30 ಪರ್ಸೆಂಟ್ ಸಹಾಯಧನ ಕೊಟ್ಟಿತು. ಒಂದು ಯಂತ್ರಕ್ಕೆ ಹತ್ತಾರು ಮನೆಯವರು ಸೇರಿ ಷೇರು ಹಾಕಬಹುದಿತ್ತು. ಷೇರು ಬೇಕಾದರೆ ಯಂತ್ರದ ಹತ್ತಿರದಲ್ಲೇ ವಾಸ ಇರಬೇಕು ಅನ್ನುವ ನಿಯಮ ಇತ್ತು. ನಮ್ಮ ಡೇರಿ ಸಂಘ ನೆನಪು ಮಾಡಿಕೊಳ್ಳಿ. ಡೆನ್ಮಾರ್ಕಿನವರಿಗೆ ಹಾಲಿನ ಸಹಕಾರ ಸಂಘ ನೂರು ವರ್ಷದ ಅಭ್ಯಾಸ. ಹಾಲಿಗೆ ಮಾಡಿದ್ದನ್ನೇ ಗಾಳಿಗೂ ಮಾಡಿದರು.

ಈಗ 1986ಕ್ಕೆ ಬನ್ನಿ. ಆ ವರ್ಷ ಎಣ್ಣೆ ಬೆಲೆ ಕುಸಿದು ಅರ್ಧಕ್ಕಿಂತ ಕೆಳಗೆ ಹೋಯಿತು. ನನ್ನ ಇಡೀ ಮಾತು ನಿಂತಿರುವುದು ಈ ವರ್ಷದ ಮೇಲೆ.

ಅಮೆರಿಕದಲ್ಲಿ ಏನಾಯಿತು ನೋಡಿ. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಚಾವಣಿ ಮೇಲೆ ನೀರು ಕಾಯಿಸುವ 32 ಸೋಲಾರ್ ಫಲಕ ಹಾಕಿಸಿದ್ದರು. ಉದ್ಘಾಟನೆಯ ದಿನ ಅವರೇ ಒಂದು ಮಾತು ಹೇಳಿದ್ದರು: ಮುಂದೊಂದು ದಿನ ಇದು ಮ್ಯೂಸಿಯಮ್ಮಿನ ವಸ್ತುವೂ ಆಗಬಹುದು, ಇಲ್ಲವೇ ದೊಡ್ಡದೊಂದು ಕೆಲಸದ ಶುರುವೂ ಆಗಬಹುದು ಅಂತ. 1986ರಲ್ಲಿ ಚಾವಣಿ ರಿಪೇರಿ ಬಂತು, ಫಲಕ ಇಳಿಸಿದರು, ಮತ್ತೆ ಹಾಕಲಿಲ್ಲ. ಅವುಗಳಲ್ಲಿ ಒಂದು ಈಗ ಚೀನಾದ ಡೆಜೋ ಅನ್ನುವ ಊರಿನ ಸೋಲಾರ್ ಮ್ಯೂಸಿಯಮ್ಮಿನಲ್ಲಿದೆ. ಇವತ್ತು ಜಗತ್ತಿನ ಸೋಲಾರ್ ಪ್ಯಾನಲ್ ತಯಾರಿಕೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಪಾಲು ಇರುವುದು ಅದೇ ಚೀನಾದಲ್ಲಿ. ಅವರ ಕಾರಣವೇ ಬೇರೆ. ಎಣ್ಣೆಗೆ ಹೊರಗಿನವರನ್ನು ನೆಚ್ಚಿಕೊಳ್ಳಬೇಕು, ಊರಿನ ಗಾಳಿಯಲ್ಲಿ ಕಲ್ಲಿದ್ದಲ ಹೊಗೆ, ಇದರ ಜೊತೆಗೆ ಜಗತ್ತಿಗೆಲ್ಲ ಮಾರುವ ಸಾಮಾನು ತಯಾರಿಸುವ ಆಸೆ. ಚೀನಾದ ಬಗ್ಗೆ ಇನ್ನೊಂದು ಸಂಜೆಯೇ ಮಾತಾಡಬೇಕು, ಇವತ್ತು ಬಿಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಗ ತೆರಿಗೆ ರಿಯಾಯಿತಿಗೋಸ್ಕರ ಸಾವಿರಾರು ಗಾಳಿಯಂತ್ರ ಹಾಕಿದ್ದರು. ಅವುಗಳಲ್ಲಿ ಎಷ್ಟೋ ಡೆನ್ಮಾರ್ಕಿನವೇ. ರಿಯಾಯಿತಿ ಮುಗಿಯಿತು, ವ್ಯಾಪಾರ ನಿಂತಿತು, ವೆಸ್ಟಾಸ್ 1986ರಲ್ಲಿ ದಿವಾಳಿ ಎದ್ದಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆ ಅಂದರೆ ಡೆನ್ಮಾರ್ಕಿನ ಹಳ್ಳಿಗಳಲ್ಲಿ ಜನ ಷೇರು ಹಾಕುವುದನ್ನು ನಿಲ್ಲಿಸಿರಲಿಲ್ಲ. ಕಂಪನಿ ಮತ್ತೆ ಎದ್ದು ನಿಂತಿತು. 1990ರ ದಶಕ ಮುಗಿಯುವ ಹೊತ್ತಿಗೆ ಆ ಸಣ್ಣ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಕುಟುಂಬಗಳ ಹತ್ತಿರ ಗಾಳಿಯಂತ್ರದ ಪಾಲು ಇತ್ತು. 2000ದಲ್ಲಿ ಕೋಪನ್‌ಹೇಗನ್ ಬಂದರಿನ ಆಚೆ ಸಮುದ್ರದಲ್ಲಿ 20 ಯಂತ್ರ ಹಾಕಿದಾಗ ಅರ್ಧ ಪಾಲು ತೆಗೆದುಕೊಂಡಿದ್ದು 8,500ಕ್ಕೂ ಹೆಚ್ಚು ಸಾಮಾನ್ಯ ಜನ ಸೇರಿ ಮಾಡಿಕೊಂಡ ಸಂಘ. ಇವತ್ತು ಆ ದೇಶದ ಕರೆಂಟಿನಲ್ಲಿ ಅರ್ಧಕ್ಕೂ ಜಾಸ್ತಿ ಗಾಳಿಯದು.

ಎಲ್ಲಾ ಸರಿಯಾಗಿಯೇ ನಡೆಯಿತು ಅಂತ ನಾನು ಹೇಳುತ್ತಿಲ್ಲ. 1973ರ ಆಮೇಲೆ ಅವರು ಎಣ್ಣೆ ಬಿಟ್ಟು ಮೊದಲು ಹಿಡಿದದ್ದು ಕಲ್ಲಿದ್ದಲು. ಸಮುದ್ರದಲ್ಲಿ ತಮ್ಮದೇ ಎಣ್ಣೆ, ಗ್ಯಾಸು ಸಿಕ್ಕಿದಾಗ ಅದನ್ನೂ ತೆಗೆದರು. ಆಮೇಲಾಮೇಲೆ ಯಂತ್ರಗಳು ದೊಡ್ಡದಾದವು, ದುಡ್ಡೂ ಜಾಸ್ತಿ ಬೇಕಾಯಿತು, ಹೊರಗಿನ ಕಂಪನಿಗಳು ಬಂದವು. ಆಗ ಅದೇ ಹಳ್ಳಿಗಳಲ್ಲಿ ಜನ, ಶಬ್ದ ಜಾಸ್ತಿ, ನೆರಳು ಬೀಳ್ತದೆ, ನಮ್ಮೂರಲ್ಲಿ ಬೇಡ ಅಂತ ತಕರಾರು ತೆಗೆಯತೊಡಗಿದರು. ಸರ್ಕಾರ ಕೊನೆಗೆ ಕಾನೂನು ಮಾಡಬೇಕಾಯಿತು: ಹೊಸ ಯಂತ್ರ ಹಾಕುವವರು ಕನಿಷ್ಠ 20 ಪರ್ಸೆಂಟ್ ಪಾಲನ್ನು ಅಕ್ಕಪಕ್ಕದ ಜನಕ್ಕೆ ಕೊಳ್ಳಲು ಕೊಡಬೇಕು ಅಂತ. ತನ್ನ ಪಾಲಿನ ಯಂತ್ರದ ಶಬ್ದ ಕೇಳಿಸಿದರೆ ಮನುಷ್ಯನಿಗೆ ನಿದ್ದೆ ಬರ್ತದೆ. ಬೇರೆಯವನ ಯಂತ್ರದ ಶಬ್ದಕ್ಕೆ ಬರಲ್ಲ.

ಬ್ರೆಜಿಲ್‌ನವರ ತಾಪತ್ರಯದಲ್ಲಿ ಎರಡು ಕಷ್ಟ ಸೇರಿಕೊಂಡಿದ್ದವು. ಬೇಕಾದ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಹೊರಗಿನಿಂದ ತರಬೇಕಿತ್ತು. ಇತ್ತ 1974ರ ಕೊನೆಯಲ್ಲಿ ಆಕಾಶ ಮುಟ್ಟಿದ್ದ ಸಕ್ಕರೆ ಬೆಲೆ ಮರುವರ್ಷ ಕುಸಿದುಬಿತ್ತು. ಕಬ್ಬು ಬೆಳೆದವರೂ ಕಾರ್ಖಾನೆಯವರೂ ಸರ್ಕಾರದ ಬಾಗಿಲಲ್ಲಿ ನಿಂತರು. ಮಂಡ್ಯ, ಬೆಳಗಾವಿ ಕಡೆಯವರಿಗೆ ಈ ಚಿತ್ರ ನಾನು ವಿವರಿಸಬೇಕಾಗಿಲ್ಲ. ಆಗ ಅಲ್ಲಿದ್ದದ್ದು ಮಿಲಿಟರಿ ಸರ್ಕಾರ. 1975ರ ನವೆಂಬರ್‌ನಲ್ಲಿ ಪ್ರೊಆಲ್ಕೂಲ್ ಅನ್ನುವ ಯೋಜನೆ ತಂದು, ಕಬ್ಬಿನಿಂದ ಎಥನಾಲ್ ತೆಗೆದು ಗಾಡಿಗೆ ಹಾಕಿ ಅಂದಿತು. 1979ರಲ್ಲಿ ಬರೀ ಎಥನಾಲ್‌ನಲ್ಲೇ ಓಡುವ ಫಿಯೆಟ್ ಕಾರು ಬಂತು. ಕೆಲವೇ ವರ್ಷದಲ್ಲಿ ಮಾರಾಟವಾಗುವ ಹೊಸ ಕಾರು ಹತ್ತಕ್ಕೆ ಒಂಬತ್ತು ಎಥನಾಲ್‌ದೇ ಆಯಿತು.

ಅಲ್ಲೂ 1986 ಬಂತು. ಎಣ್ಣೆ ಅಗ್ಗ. ಸರ್ಕಾರಕ್ಕೆ ಎಥನಾಲ್‌ಗೆ ಸಹಾಯಧನ ಕೊಡುವ ಶಕ್ತಿ ಇಳಿಯಿತು. ಮುಂದೆ ಸಕ್ಕರೆಗೆ ಒಳ್ಳೆ ಬೆಲೆ ಬಂದಾಗ ಕಾರ್ಖಾನೆಯವರು ಕಬ್ಬನ್ನು ಸಕ್ಕರೆಗೆ ತಿರುಗಿಸಿದರು. ತಪ್ಪಲ್ಲ, ವ್ಯಾಪಾರ ಮಾಡುವವರು ಇನ್ನೇನು ಮಾಡ್ತಾರೆ. ಆದರೆ 1989ರ ಹೊತ್ತಿಗೆ ಬಂಕುಗಳಲ್ಲಿ ಎಥನಾಲ್ ಇಲ್ಲ. ಸರ್ಕಾರದ ಮಾತು ನಂಬಿ ಕಾರು ಕೊಂಡವರು ಉದ್ದುದ್ದ ಸಾಲಿನಲ್ಲಿ ನಿಂತರು. ಎಥನಾಲ್ ಕಾರಿನ ಮೇಲಿನ ನಂಬಿಕೆ ಹೊರಟುಹೋಯಿತು, ವಾಪಸ್ ಬರಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. 2003ರಲ್ಲಿ ಪೆಟ್ರೋಲ್ ಆದರೂ ಸೈ, ಎಥನಾಲ್ ಆದರೂ ಸೈ ಅನ್ನುವ ಕಾರು ಬಂದ ಮೇಲೆಯೇ ಜನ ಮತ್ತೆ ಆ ಕಡೆ ತಿರುಗಿದ್ದು. ಈ ಸಲ ಯಾವುದು ಅಗ್ಗವೋ ಅದನ್ನು ಹಾಕಿಸುವ ಅಧಿಕಾರ ಗಾಡಿ ಓಡಿಸುವವನ ಕೈಗೇ ಬಂತು.

ಅಲ್ಲಿ ಕಬ್ಬು ಕಡಿಯುವ ಕೂಲಿಯವರಿಗೆ ಬೋಯಾ ಫ್ರಿಯಾ ಅಂತಾರೆ. ತಣ್ಣನೆ ಊಟ ಅಂತ ಅರ್ಥ. ನಸುಕಿಗೆ ಬುತ್ತಿ ಕಟ್ಟಿಕೊಂಡು ಲಾರಿ ಹತ್ತಿ ಗದ್ದೆಗೆ ಹೋಗಿ, ಮಧ್ಯಾಹ್ನ ಅದನ್ನೇ ತಣ್ಣಗೆ ತಿನ್ನುವವರು ಅಂತ. ಊಟವೇ ಹೆಸರಾಗಿಬಿಟ್ಟಿದೆ. ದೇಶದ ಕಾರೆಲ್ಲ ಓಡಿದ್ದು ಇವರು ಕಡಿದ ಕಬ್ಬಿನ ಮೇಲೆ. ಇವರಿಗೆ ಅದರಲ್ಲಿ ಪಾಲು ಇರಲಿಲ್ಲ. ಈಚೆಗೆ ಯಂತ್ರಗಳು ಬಂದು ಆ ಕೂಲಿಯೂ ಕಡಿಮೆಯಾಗುತ್ತಿದೆ. ನಮ್ಮ ದೇಶದಲ್ಲೂ ಈಗ ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಬೆರೆಸುವ ಮಟ್ಟಕ್ಕೆ ಬಂದಿದ್ದೇವೆ. ನಮ್ಮ ಕಾರಣವೂ ಹೆಚ್ಚುಕಡಿಮೆ ಅವರದೇ: ಹೊರಗಿನ ಎಣ್ಣೆ, ಒಳಗಿನ ಕಬ್ಬು. ಮಳೆ ಇಲ್ಲದ ವರ್ಷ ಕಬ್ಬಿಗೆ ನೀರು ಎಲ್ಲಿಂದ, ಕಟಾವು ಗ್ಯಾಂಗಿನವರಿಗೆ ಇದರಲ್ಲಿ ಏನು ಸಿಕ್ಕಿತು ಅನ್ನುವುದನ್ನು ನಾವು ಈಗಲೇ ಕೇಳಬೇಕು.

ಐಸ್‌ಲ್ಯಾಂಡ್ ಕಥೆ ಚಿಕ್ಕದು, ಚೆಂದದ್ದು. ಅಲ್ಲಿನ ರಾಜಧಾನಿ ರೇಕ್ಯಾವಿಕ್. ಹೆಸರಿನ ಅರ್ಥವೇ ಹೊಗೆಯ ಕೊಲ್ಲಿ. ಮೊದಲು ಬಂದವರು ಬಿಸಿನೀರಿನ ಬುಗ್ಗೆಗಳ ಹಬೆ ನೋಡಿ ಇಟ್ಟ ಹೆಸರು. ಆ ಊರಿನ ದೊಡ್ಡ ಅಂಗಡಿ ಬೀದಿಗೆ ಬಟ್ಟೆ ಒಗೆಯುವ ಬುಗ್ಗೆಯ ದಾರಿ ಅಂತ ಅರ್ಥ ಬರುವ ಹೆಸರಿದೆ. ಹಿಂದೆ ಹೆಂಗಸರು ಬಟ್ಟೆ ಗಂಟು ಬೆನ್ನಿಗೆ ಕಟ್ಟಿಕೊಂಡು, ಹಿಮದಲ್ಲಿ ಮೂರು ಕಿಲೋಮೀಟರ್ ನಡೆದು ಆ ಬುಗ್ಗೆಗೆ ಹೋಗುತ್ತಿದ್ದರು. 1930ರಲ್ಲಿ ಅದೇ ಜಾಗದಿಂದ ಊರಿಗೆ ಪೈಪ್ ಎಳೆದರು. ಮೊದಲು ಒಂದು ಶಾಲೆಗೆ, ಆಸ್ಪತ್ರೆಗೆ, ಈಜುಕೊಳಕ್ಕೆ, ಒಂದಷ್ಟು ಮನೆಗಳಿಗೆ ಬಿಸಿನೀರು ಹರಿಯಿತು. ಹಾಗಿದ್ದರೂ 1970ರ ದಶಕದ ಶುರುವಿನಲ್ಲಿ ದೇಶದ ಸುಮಾರು ಅರ್ಧ ಜನ ಮನೆ ಬಿಸಿ ಮಾಡುತ್ತಿದ್ದದ್ದು ಹೊರಗಿನಿಂದ ತಂದ ಎಣ್ಣೆಯಲ್ಲೇ. ಕಾಲ ಕೆಳಗೆ ಬಿಸಿನೀರು ಕುದಿಯುತ್ತಿತ್ತು, ಹಡಗಿನಲ್ಲಿ ಎಣ್ಣೆ ಬರುತ್ತಿತ್ತು! ಕಾರಣ ಸರಳ. ನೆಲ ಕೊರೆಸಲು ದುಡ್ಡು ಬೇಕು, ನೀರು ಸಿಗದಿದ್ದರೆ ಆ ದುಡ್ಡು ಹೋದಂತೆ. ಬೋರ್ ಕೊರೆಸಿದ ನಮ್ಮ ರೈತರಿಗೆ ಈ ಭಯ ಗೊತ್ತು. ಅಲ್ಲಿ ಸರ್ಕಾರ ಕೊರೆಯಲು ಸಾಲ ಕೊಟ್ಟು, ಬಾವಿ ಫೇಲಾದರೆ ಸಾಲ ತೀರಿಸಬೇಕಾಗಿಲ್ಲ ಅನ್ನುವ ವ್ಯವಸ್ಥೆ ಮಾಡಿತು. ಇವತ್ತು ಹತ್ತರಲ್ಲಿ ಒಂಬತ್ತು ಮನೆಗೆ ನೆಲದ ಬಿಸಿನೀರೇ. ಒಂದು ಸಲ ಪೈಪು ಮನೆಯೊಳಗೆ ಬಂದ ಮೇಲೆ ಎಣ್ಣೆ ಅಗ್ಗ ಆಯ್ತು ಅಂತ ಯಾರು ಕಿತ್ತು ಹಾಕ್ತಾರೆ?

ಉರುಗ್ವೆಯದು ಇತ್ತೀಚಿನದು. ಅವರಲ್ಲಿ ಎಣ್ಣೆ ಇಲ್ಲ, ಅಣೆಕಟ್ಟು ಇತ್ತು, ಆದರೆ ಬರ ಬಂದ ವರ್ಷ ಕರೆಂಟಿಗೆ ಕಣ್ಣುಕಣ್ಣು ಬಿಡಬೇಕಿತ್ತು. 2008ರಲ್ಲಿ ರಮೋನ್ ಮೆಂಡೆಸ್ ಅನ್ನುವ ಒಬ್ಬ ಭೌತವಿಜ್ಞಾನಿಯನ್ನು ಇಂಧನ ಇಲಾಖೆಗೆ ಕರೆದು ಕೂರಿಸಿದರು. 2010ರಲ್ಲಿ ಎಲ್ಲಾ ಪಕ್ಷದವರೂ ಒಂದೇ ಯೋಜನೆಗೆ ಒಪ್ಪಿಗೆ ಹಾಕಿದರು. ಸರ್ಕಾರ ಯಾರದೇ ಬಂದರೂ ಯೋಜನೆ ಬದಲಾಗಲ್ಲ ಅಂತ. ಸುಮಾರು ಹತ್ತು ವರ್ಷದಲ್ಲಿ ಗಾಳಿ, ನೀರು, ಬಿಸಿಲು, ಕೃಷಿಯ ಕಸ ಎಲ್ಲಾ ಸೇರಿ ಅವರ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಆಯಿತು. ಅಲ್ಲಿ ಹಳ್ಳಿಯವರ ಷೇರು ದೊಡ್ಡ ವಿಷಯವಾಗಲಿಲ್ಲ, ಪಕ್ಷಗಳ ಒಪ್ಪಂದವೇ ಆ ಕೆಲಸ ಮಾಡಿತು. ಹಾಗಾಗಿ ಷೇರು ಒಂದೇ ದಾರಿ ಅಂತ ನಾನು ಹಟ ಹಿಡಿಯಲ್ಲ.

ನಮ್ಮದನ್ನೂ ಸ್ವಲ್ಪ ಹೇಳುತ್ತೇನೆ. 1902ರಲ್ಲಿ ಶಿವನಸಮುದ್ರದಲ್ಲಿ ನೀರಿನಿಂದ ಕರೆಂಟು ತೆಗೆದೆವು, ಅದು ನಮ್ಮ ಹೆಮ್ಮೆ. ತೆಗೆದದ್ದು ಯಾರಿಗೆ? ಕೋಲಾರದ ಚಿನ್ನದ ಗಣಿಗೆ. ಸುಮಾರು 150 ಕಿಲೋಮೀಟರ್ ತಂತಿ ಎಳೆದರು. ಆ ತಂತಿ ಹಾದುಹೋದ ಹಳ್ಳಿಗಳ ಮನೆಯಲ್ಲಿ ಆಮೇಲೂ ಎಷ್ಟೋ ದಶಕ ಉರಿದದ್ದು ಎಣ್ಣೆ ದೀಪ.

ಈಗ ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್. 2,050 ಮೆಗಾವಾಟ್, ಸುಮಾರು 13,000 ಎಕರೆ. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಬರ ಬಿದ್ದು ಬಿದ್ದು ಶೇಂಗಾ ಕೈಗೆ ಹತ್ತದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ, ಒಳ್ಳೆಯ ಕೆಲಸ ಅಂತಲೇ ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ತಿರುಮಣಿ ಕಡೆ ಹೋಗಿದ್ದೆ. ಕಣ್ಣು ಹಾಯಿಸಿದಷ್ಟು ದೂರ ಪ್ಯಾನಲ್, ಸುತ್ತ ತಂತಿಬೇಲಿ. ಬೇಲಿ ಪಕ್ಕದ ಬದುವಿನಲ್ಲಿ ಒಬ್ಬ ಅಜ್ಜ ಇಪ್ಪತ್ತು ಕುರಿ ಮೇಯಿಸುತ್ತಿದ್ದ. ಮೊದಲು ಎಷ್ಟಿದ್ದವಜ್ಜಾ ಅಂದೆ. ನೂರರ ಮೇಲಿದ್ದವು, ಮೇಯಲು ಬಯಲು ಎಲ್ಲಿದೆ ಸ್ವಾಮಿ ಅಂದ. ಜಮೀನಿದೆಯಾ ಅಂದೆ. ಇಲ್ಲ. ಗುತ್ತಿಗೆ ದುಡ್ಡು ಹೊಲ ಇದ್ದವರಿಗೆ. ಬೇರೆಯವರ ಹೊಲದಲ್ಲಿ ಕೂಲಿ ಮಾಡಿ, ಬೇರೆಯವರ ಬೀಳಿನಲ್ಲಿ ಕುರಿ ಮೇಯಿಸಿದವರಿಗೆ ಹುಲ್ಲು ಕೊಯ್ಯುವ, ಪ್ಯಾನಲ್ ಒರೆಸುವ ಕೆಲಸ ಸಿಕ್ಕರೆ ಉಂಟು. ಟ್ವಿಂಡ್‌ನ ಮೇಷ್ಟ್ರುಗಳನ್ನು ಓದಿದಾಗೆಲ್ಲ ನನಗೆ ಈ ಅಜ್ಜನೂ ನೆನಪಾಗುತ್ತಾನೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ರೈತರೊಬ್ಬರು ಎದ್ದರು. ನಮ್ಮ ಗುಡ್ಡದ ಮೇಲೆ ಹಗಲೂ ರಾತ್ರಿ ಫ್ಯಾನು ತಿರುಗ್ತವೆ ಸಾರ್, ಅದರ ಕೆಳಗೇ ನನ್ನ ತೋಟ, ನನ್ನ ಮೋಟ್ರಿಗೆ ಮಾತ್ರ ತ್ರೀ ಫೇಸ್ ರಾತ್ರಿ ಎರಡು ಗಂಟೆಗೆ ಕೊಡ್ತಾರೆ, ಇದು ಯಾಕೆ ಅಂತ ಕೇಳಿದರು.

ನನಗೆ ಗೊತ್ತಿದ್ದದ್ದು ಹೇಳಿದೆ. ಫ್ಯಾನಿನ ಕರೆಂಟು ನೇರ ನಿಮ್ಮ ಮೋಟ್ರಿಗೆ ಬರಲ್ಲ, ಗ್ರಿಡ್ಡಿಗೆ, ಅಂದರೆ ದೊಡ್ಡ ತಂತಿಜಾಲಕ್ಕೆ, ಹೋಗಿ ಎಲ್ಲರದರ ಜೊತೆ ಬೆರೆಯುತ್ತದೆ, ಅಲ್ಲಿಂದ ಯಾರಿಗೆ ಯಾವ ಹೊತ್ತಿಗೆ ಅಂತ ಕರೆಂಟ್ ಕಂಪನಿ ಪಾಳಿ ಹಾಕುತ್ತದೆ. ಡೆನ್ಮಾರ್ಕಿನಲ್ಲೂ ಕರೆಂಟು ಗ್ರಿಡ್ಡಿಗೇ ಹೋಗುತ್ತದೆ, ವಾಪಸ್ ಬರುವುದು ಪಾಲಿನ ದುಡ್ಡು. ನಮ್ಮಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಆ ಫೀಡರಿನ, ಅಂದರೆ ಅಲ್ಲಿಂದ ಹೊರಡುವ ಲೈನಿನ, ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು ಕೊಡುವ ಕುಸುಮ್ ಯೋಜನೆ ಇದೆ, ನಿಮ್ಮ ಫೀಡರ್ ಅದರಲ್ಲಿ ಸೇರಿದೆಯಾ ಅಂತ ಸೆಕ್ಷನ್ ಆಫೀಸಿನಲ್ಲಿ ಕೇಳಿ ಅಂದೆ.

ಅವರು ತಲೆ ಆಡಿಸಿದರು, ಕೂರಲಿಲ್ಲ. ಆ ಘಟಕಕ್ಕೆ ನಾವು ಹತ್ತು ಜನ ರೈತರು ಸೇರಿ ದುಡ್ಡು ಹಾಕಬಹುದಾ ಸಾರ್, ಡೇರಿ ಥರ, ಅಂತ ಕೇಳಿದರು. ರೈತರು, ಸಹಕಾರ ಸಂಘಗಳೂ ಹಾಕಬಹುದು ಅನ್ನುವ ಅವಕಾಶ ಆ ಯೋಜನೆಯ ನಿಯಮದಲ್ಲೇ ಇದೆ ಅಂದೆ. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಅವರ ಪಕ್ಕದಲ್ಲಿದ್ದ ಇನ್ನಿಬ್ಬರು ಅದನ್ನು ಬಗ್ಗಿ ನೋಡಿದರು. ಮೊನ್ನೆ ಬುಧವಾರ ನಾವು ನಾಲ್ಕು ಜನ ಸೆಕ್ಷನ್ ಆಫೀಸಿಗೆ ಹೋಗಿ ಬಂದೆವು. ಮುಂದಿನ ವಾರ ಮತ್ತೆ ಬರಲು ಹೇಳಿದ್ದಾರೆ, ಹೋಗುತ್ತೇವೆ.